ಒಂದೂ ತಪ್ಪಿಲ್ಲದ ಹಾಳೆ

ಜನವರಿ 9

ಅತ್ತಿಗೆಯವರಿಗೆ,

ನಮಸ್ಕಾರ. ನಾನೇ, ನಿಮ್ಮ ನಾದಿನಿ. ನನ್ನ ಅಕ್ಷರ ಕಂಡ ಕೂಡಲೇ ಲಕೋಟೆಯನ್ನು ಕಸದ ಬುಟ್ಟಿಗೆ ಎಸೆದಿಲ್ಲವಾದರೆ ದಯವಿಟ್ಟು ಕೊನೆಯವರೆಗೂ ಓದಿ. ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ, ಅದು ನಿಮಗೆ ಗೊತ್ತಿರುವುದೇ.

ನಮ್ಮ ಗಾಯನ ವೃಂದದ ಅಭ್ಯಾಸದ ಕೋಣೆಗೆ ಬಣ್ಣ ಹೊಡೆಸಲೆಂದು ಪಿಯಾನೊ ಸರಿಸಿದೆವು. ಅದರ ಹಿಂದೆ ಅಣ್ಣನ ಕೈಬರಹದ ಸ್ವರಗಳ ಹಾಳೆಗಳು ಸಿಕ್ಕವು. ಒಂದು ಹಾಡಿಗೆ ಹೆಂಗಸರ ಎರಡು, ಗಂಡಸರ ಎರಡು, ಹೀಗೆ ನಾಲ್ಕೂ ಧ್ವನಿಗಳನ್ನು ಪೂರ್ತಿ ಬರೆದಿದ್ದಾನೆ. ಅವನು ಶುರು ಮಾಡಿದ ಹಾಡುಗಳು ಬೇಕಾದಷ್ಟಿದ್ದವು, ಮುಗಿಸಿದ್ದು ಮಾತ್ರ ಇದೊಂದೇ. ಆದರೆ ಸ್ವರಗಳ ಕೆಳಗೆ ಮಾತಿಲ್ಲ. ಮಾತು ಬೇರೆ ಹಾಳೆಯಲ್ಲಿದೆ, ನಿಮ್ಮ ಅಕ್ಷರದಲ್ಲಿ, ಸ್ಪ್ಯಾನಿಷ್ ಭಾಷೆಯಲ್ಲಿ. ನಮ್ಮಲ್ಲಿ ಯಾರಿಗೂ ಆ ಭಾಷೆಯ ಗಂಧಗಾಳಿ ಇಲ್ಲ.

ಮೇ ತಿಂಗಳಲ್ಲಿ ಗಾಯನ ವೃಂದಗಳ ಸಮ್ಮೇಳನವಿದೆ. ಅಲ್ಲಿ ಆಯ್ಕೆಯಾದ ಹಾಡುಗಳು ಸಂಕಲನದಲ್ಲಿ ಅಚ್ಚಾಗುತ್ತವೆ. ಅಚ್ಚಾದ ಹಾಡನ್ನು ಊರೂರಿನ ವೃಂದಗಳು ಹಾಡುತ್ತವೆ. ಈ ಸಲ ಆಯ್ಕೆ ಮಾಡಲು ಬರುವ ಹಿರಿಯ ನಿರ್ದೇಶಕಿಯ ತಾಯ್ನುಡಿಯೇ ಸ್ಪ್ಯಾನಿಷ್. ಅವರ ಮುಂದೆ ತಪ್ಪು ಉಚ್ಚಾರದಲ್ಲಿ ಹಾಡಿ ಮಾನ ಕಳೆದುಕೊಳ್ಳಲು ನಾನು ತಯಾರಿಲ್ಲ.

ನೀವು ಮಾಡಿಕೊಡಬೇಕಾದದ್ದು ಇಷ್ಟೇ. ಪ್ರತಿ ಪದವನ್ನೂ ಉಚ್ಚಾರದ ತುಂಡುಗಳಾಗಿ ಒಡೆದು, ಯಾವ ತುಂಡಿಗೆ ಒತ್ತು ಬೀಳುತ್ತದೆ ಎಂದು ಗುರುತು ಹಾಕಿ ಕಳಿಸಿ. ಹಳೆಯದನ್ನೆಲ್ಲ ಕೆದಕುವುದು ಬೇಡ. ಆಗದಿದ್ದರೆ ಆಗದು ಎಂದು ಒಂದು ಸಾಲು ಬರೆಯಿರಿ.

ಇಂತಿ,
ನಾದಿನಿ


ಜನವರಿ 15
(ಬರೆದದ್ದು, ಅಂಚೆಗೆ ಹಾಕಲಿಲ್ಲ)

ಏ ಪುಟ್ಟಿ,

ನಿನ್ನಣ್ಣ ನಿನ್ನನ್ನು ಹಾಗೆ ಕರೆಯುತ್ತಿದ್ದ. ಅವನ ಬಾಯಲ್ಲಿ ಅದು ಮುದ್ದು, ನನ್ನ ಬಾಯಲ್ಲಿ ಬೈಗುಳ.

ಹಳೆಯದನ್ನು ಕೆದಕುವುದು ಬೇಡವಂತೆ! ಎಷ್ಟು ಕೊಬ್ಬು ನಿನಗೆ! ನೀನು ಮರೆತಿರಬಹುದು, ನಾನು ಮರೆಯಲಾ? ಅವನು ತೀರಿಹೋಗಿ ತಿಂಗಳೂ ಆಗಿರಲಿಲ್ಲ. ಶನಿವಾರ ಸಂಜೆ, ಮನೆಯಲ್ಲಿ ಕೂರಲಾರದೆ, ಎಂದಿನಂತೆ ಅಚ್ಚುಕೂಟದ ಮೇಲಿನ ಆ ಕೋಣೆಗೆ ಮೆಟ್ಟಿಲು ಹತ್ತಿ ಬಂದೆ. ನನ್ನ ಕೀಲಿ ತಿರುಗಲಿಲ್ಲ. ಒಳಗೆ ನೀವೆಲ್ಲ ಹಾಡುತ್ತಿದ್ದಿರಿ. ತಟ್ಟಿದೆ. ಹಾಡು ನಿಂತಿತು. ಬಾಗಿಲು ತೆಗೆದವರು ನಮ್ಮ ಔಷಧಿ ಅಂಗಡಿಯವರು. ಪಾಪ, ಆ ಮನುಷ್ಯ ತಲೆ ಎತ್ತಲಿಲ್ಲ. ಅವರ ಹೆಗಲ ಹಿಂದಿನಿಂದ ನೀನು ಹೇಳಿದೆ: "ಅತ್ತಿಗೆ, ಇವತ್ತು ಬೇಡ. ನಿಮ್ಮ ಮುಖ ನೋಡಿದ್ರೆ ಯಾರ ಗಂಟಲಿಂದಾನೂ ಹಾಡು ಹೊರಡಲ್ಲ." ಇವತ್ತು ಬೇಡ ಅಂದವಳು ನಾಳೆ ಬನ್ನಿ ಅನ್ನಲೇ ಇಲ್ಲ. ನಾನು ಆ ಊರನ್ನೇ ಬಿಟ್ಟು ಬಂದೆ.

ಆ ವೃಂದವನ್ನು ಕಟ್ಟಿದ್ದು ಅವನೂ ನಾನೂ. ಕುರ್ಚಿ ಹೊತ್ತಿದ್ದು, ನೆಲ ಗುಡಿಸಿದ್ದು, ಮನೆ ಮನೆಗೆ ಹೋಗಿ ಹಾಡುವವರನ್ನು ಕರೆತಂದಿದ್ದು ನಾವಿಬ್ಬರು. ನೀನು ಬಂದು ತಲೆ ಮೇಲೆ ಹತ್ತಿ ಕೂತೆ. ಈಗ ಬೀದಿಯ ಪೋಸ್ಟರಿನಲ್ಲೆಲ್ಲ ನಿನ್ನ ಹೆಸರೇ ದಪ್ಪಕ್ಷರದಲ್ಲಿ. ಅವನ ಹೆಸರು ಎಲ್ಲಿದೆ? ಕೆಳಗಿನ ಮೂಲೆಯಲ್ಲೂ ಇಲ್ಲ.

ಆ ಸಾಲುಗಳ ಕಥೆ ಗೊತ್ತಾ ನಿನಗೆ? ಅದು ಕವಿತೆಯೇ ಅಲ್ಲ. ನನ್ನ ವಿದ್ಯಾರ್ಥಿಗಳ ಪಾಠಕ್ಕೆಂದು ನಾನು ಬರೆದ ವಾಕ್ಯಗಳು. ಮನೆ ತೆರೆದಿದೆ, ಮೇಜಿನ ಮೇಲೆ ರೊಟ್ಟಿ ಇದೆ, ಅಷ್ಟೇ. ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತ ಅವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರೆ ಅವನು ಮೇಜಿನ ಮೇಲೆ ಬೆರಳಾಡಿಸುತ್ತ "ಇನ್ನೊಂದ್ಸಲ ಹೇಳು, ಇನ್ನೊಂದೇ ಸಲ" ಅಂತ ಪ್ರಾಣ ತಿನ್ನುತ್ತಿದ್ದ. ಒಂದು ಅಂಗಿಯ ತೋಳನ್ನು ಸುಟ್ಟೇಬಿಟ್ಟೆ. ನಾನು ಆಡಿದ ಹಾಗೆಯೇ ಅವನು ರಾಗ ಕೂರಿಸಿದ. ಅದರಲ್ಲಿ ಒಂದು ಉಸಿರೂ ಆಚೀಚೆ ಆಗಿಲ್ಲ.

ಅದನ್ನೀಗ ನೀನು ನಿನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಳ್ಳಬೇಕು, ಅದಕ್ಕೆ ನಾನು ಕೈ ಜೋಡಿಸಬೇಕು. ಆಗಲಿ ತಾಯಿ. ಹೇಗೆ ಮಾಡಿಕೊಡುತ್ತೇನೆ ನೋಡುತ್ತಿರು.


ಜನವರಿ 16

ಪ್ರೀತಿಯ ನಾದಿನಿಗೆ,

ನಿನ್ನ ಪತ್ರ ಬಂದು ಸಂತೋಷವಾಯಿತು. ಬೇಸರವೇಕೆ? ಮನೆಯವರಲ್ಲದೆ ಇದನ್ನು ಇನ್ಯಾರು ಮಾಡಿಕೊಡಬೇಕು?

ಹಾಳೆ ಜೊತೆಗಿಟ್ಟಿದ್ದೇನೆ. ನಿಮ್ಮವರಿಗೆ ಸುಮ್ಮನೆ ಗಿಣಿಪಾಠ ಮಾಡಿಸಬೇಡ. ನನ್ನ ಸಂಜೆ ತರಗತಿಯಲ್ಲಿ ಒಬ್ಬ ಹಡಗಿನ ಅಡುಗೆಯವ, ಇಬ್ಬರು ದಾದಿಯರು, ಹೋಟೆಲಿನ ಸ್ವಾಗತಕಾರಿಣಿ ಇದ್ದಾರೆ. ಅವರಿಗೆ ಹೇಳಿಕೊಡುವ ಹಾಗೆಯೇ ನಿನಗೂ ಹೇಳುತ್ತೇನೆ.

ಮೊದಲು ತುಂಡು ಮಾಡುವುದು. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದವನ್ನು ನಿಧಾನವಾಗಿ ಹೇಳಿ. ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಅಷ್ಟು ತುಂಡು. ‘ಕಾಸಾ’ ಅಂದರೆ ಮನೆ, ಅದಕ್ಕೆ ಎರಡು: ಕಾ-ಸಾ. ‘ಅಬ್ಯೆರ್ತಾ’ ಅಂದರೆ ತೆರೆದದ್ದು, ಅದಕ್ಕೆ ಮೂರು: ಅ-ಬ್ಯೆರ್-ತಾ. ನಡುವಿನ ‘ಬ್ಯೆ’ಯಲ್ಲಿ ಇ, ಎ ಎಂದು ಎರಡು ಸ್ವರಾಕ್ಷರಗಳಿದ್ದರೂ ಅದು ಒಂದೇ ತುಂಡು. ಇ, ಉ ಎರಡೂ ಬಡಪಾಯಿಗಳು, ಪಕ್ಕದಲ್ಲಿ ಯಾರಿದ್ದರೂ ಅವರ ಮಡಿಲಲ್ಲಿ ಕೂರುತ್ತವೆ. ಅ, ಎ, ಒ ಮೂರೂ ಗಟ್ಟಿಗರು. ಒಂದು ಪದದೊಳಗೆ ಇಬ್ಬರು ಗಟ್ಟಿಗರು ಅಕ್ಕಪಕ್ಕ ಬಂದರೆ ಬೇರೆ ಬೇರೆ ಮನೆ ಮಾಡುತ್ತಾರೆ, ನಮ್ಮ ನಿಮ್ಮ ಹಾಗೆ!

ಇನ್ನು ಒತ್ತು. ಪದದ ಕೊನೆಯಲ್ಲಿ ಸ್ವರಾಕ್ಷರವೋ, ನ್ ಅಥವಾ ಸ್ ಇದ್ದರೆ ಕೊನೆಯದರ ಹಿಂದಿನ ತುಂಡಿಗೆ ಒತ್ತು. ಬೇರೆ ವ್ಯಂಜನವಿದ್ದರೆ ಕೊನೆಯ ತುಂಡಿಗೇ. ಆದರೆ ಅಕ್ಷರದ ನೆತ್ತಿಯ ಮೇಲೆ ಓರೆಗೆರೆ ಎಳೆದಿದ್ದರೆ ಎಲ್ಲ ಕಾನೂನೂ ರದ್ದು, ಗೆರೆಯದೇ ಕಾರುಬಾರು. ‘ಎಸ್ತಾ’ ನೋಡು, ಅಂದರೆ ‘ಇದೆ’, ಅದರ ‘ತಾ’ ಮೇಲೆ ಗೆರೆ ಇದೆ, ಒತ್ತೂ ಅಲ್ಲೇ. ಅನುಮಾನ ಬಂದರೆ ಆ ಪದವನ್ನೇ ಬೀದಿಯ ಆ ತುದಿಯಲ್ಲಿರುವವರ ಹೆಸರೆಂದುಕೊಂಡು ಕೂಗಿ ಕರೆಯಿರಿ. ಕೂಗುವಾಗ ಯಾವ ತುಂಡು ಉದ್ದವಾಗುತ್ತದೋ ಅದೇ ಒತ್ತಿನದು.

ಹಾಳೆಯಲ್ಲಿ ಒಂದೊಂದು ಪದಕ್ಕೂ ಹೀಗೆ ಗೆರೆ ಹಾಕಿ ಒಡೆದಿದ್ದೇನೆ. ಎರಡು ಸಲ ತಿದ್ದಿ ನೋಡಿದ್ದೇನೆ. ಒಂದೂ ತಪ್ಪಿಲ್ಲ.

ನಿಮ್ಮ ವೃಂದಕ್ಕೆ ಒಳ್ಳೆಯದಾಗಲಿ.

ಅತ್ತಿಗೆ


ಫೆಬ್ರವರಿ 2

ಅತ್ತಿಗೆಯವರಿಗೆ,

ಹಾಳೆ ತಲುಪಿತು. ಉಪಕಾರವಾಯಿತು. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಮಾಡಿಕೊಡುತ್ತೀರಿ ಎಂದು ನಾನು ಎಣಿಸಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನನಗೆ ಅನುಮಾನವಿತ್ತು. ಅದಕ್ಕೇ ಪ್ರವಾಸ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಎರಡು ವರ್ಷ ಆ ಭಾಷೆ ಓದಿದವರು. ನಿಘಂಟು ಹಿಡಿದುಕೊಂಡು ಪದ ಪದ ನೋಡಿದರು. "ಮೇಡಂ, ಒಂದೇ ಒಂದು ತಪ್ಪು ತೋರ್ಸಿದ್ರೆ ನನ್ನ ಹೆಸರು ಬದಲಾಯಿಸ್ಕೊತೀನಿ" ಅಂದರು. ನಿಮ್ಮ ಮೇಲೆ ಅನುಮಾನ ಪಟ್ಟದ್ದು ಮನಸ್ಸಿಗೆ ಚುಚ್ಚಿತು, ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಶನಿವಾರದ ಅಭ್ಯಾಸವನ್ನು ನೀವು ನೋಡಬೇಕಿತ್ತು. ಎಲ್ಲರೂ ಗದ್ದಕ್ಕೆ ಕೈ ಕೊಟ್ಟು ಸಾಲಾಗಿ ಕೂತಿದ್ದರೆ ಹಲ್ಲು ನೋವಿನ ಆಸ್ಪತ್ರೆಯಂತಿತ್ತು. ಔಷಧಿ ಅಂಗಡಿಯವರು ಕಿಟಕಿ ತೆಗೆದು "ಅಬ್ಯೇ...ರ್ತಾ!" ಎಂದು ಬೀದಿಗೆ ಕೂಗಿದರು. ಕೆಳಗೆ ಯಾವುದೋ ಹೆಂಗಸು "ಏನ್ರೀ?" ಎಂದು ತಿರುಗಿ ನೋಡಿದಳು.

ಇನ್ನೊಂದು ವಿಷಯ. ಕಾರ್ಯಕ್ರಮದ ಪಟ್ಟಿಯಲ್ಲೂ ಸಂಕಲನದಲ್ಲೂ ಯಾರ ಹೆಸರು ಹಾಕಬೇಕು ಎಂದು ಸಮ್ಮೇಳನದವರು ಕೇಳಿದ್ದರು. ಅದನ್ನು ನಾನೇ ತೀರ್ಮಾನಿಸಿ ಕಳಿಸಿದ್ದೇನೆ. ನೀವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಂತಿ,
ನಾದಿನಿ


ಫೆಬ್ರವರಿ 8
(ಬರೆದದ್ದು, ಅಂಚೆಗೆ ಹಾಕಲಿಲ್ಲ)

ತೀರ್ಮಾನಿಸಿ ಕಳಿಸಿದ್ದೀಯಾ! ಗೊತ್ತಿತ್ತು ನನಗೆ. ‘ತಲೆ ಕೆಡಿಸಿಕೊಳ್ಳಬೇಕಾಗಿಲ್ಲ’ ಅಂತ ಬೇರೆ. ಮಾಡುವುದನ್ನೆಲ್ಲ ಮಾಡಿ ಮೇಲಿಂದ ಸಮಾಧಾನ ಹೇಳುವುದು ನಿನ್ನ ಹಳೇ ಚಾಳಿ.

ಕೇಳು ಪುಟ್ಟಿ. ಹಾಳೆಯಲ್ಲಿ ತಪ್ಪಿಲ್ಲ, ನಿನ್ನ ಪ್ರವಾಸ ಕಂಪನಿಯವನು ಹೆಸರು ಬದಲಾಯಿಸಿಕೊಳ್ಳಬೇಕಾಗಿಲ್ಲ. ನಾನು ಒಂದೊಂದು ಪದವನ್ನೂ ಬೇರೆ ಬೇರೆಯಾಗಿ ಒಡೆದು ಕೊಟ್ಟಿದ್ದೇನೆ, ನೀನು ಕೇಳಿದ್ದೂ ಅದನ್ನೇ. ಆದರೆ ಆ ಭಾಷೆಯವರು ಹಾಡುವಾಗ ಒಂದು ಪದದ ಬಾಲವನ್ನು ಮುಂದಿನ ಪದದ ತಲೆಗೆ ಸೇರಿಸಿ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ನಾವೇನು ಬೇರೆ ಥರವಾ? ‘ಅವನು ಎಲ್ಲಿ ಇದ್ದಾನೆ’ ಎಂದು ಕಲ್ಲು ಜೋಡಿಸಿದ ಹಾಗೆ ಯಾರು ಕೇಳುತ್ತಾರೆ? ‘ಅವನೆಲ್ಲಿದ್ದಾನೆ’ ಅಂತೀವಿ. ಹಾಗೇ ಇದೂ. ಹಾಳೆಯಲ್ಲಿ ಮೊದಲ ಸಾಲು ಲಾ, ಕಾ-ಸಾ, ಎಸ್-ತಾ, ಅ-ಬ್ಯೆರ್-ತಾ, ಅಂದರೆ ಎಂಟು ತುಂಡು. ಬಾಯಲ್ಲಿ ಅದು ಲಾ-ಕಾ-ಸೆಸ್-ತಾ-ಬ್ಯೆರ್-ತಾ, ಆರೇ. ಅವನು ಇಟ್ಟಿದ್ದೂ ಆರೇ ಸ್ವರ.

ಆ ಸೇರಿಸುವ ಮಾತನ್ನು ನಾನು ಬರೆಯಲಿಲ್ಲ. ಬರೆಯುವುದೂ ಇಲ್ಲ. ಆ ನಿರ್ದೇಶಕಿಯ ಮುಂದೆ ನಿಂತು ಒಂದೊಂದು ಪದವನ್ನೂ ಗದ್ದ ಬಡಿದು ಬಡಿದು ಹಾಡು. ನಿನ್ನ ಹೆಸರಿಗೆ ಊರೆಲ್ಲ ನಗಲಿ. ನಿನ್ನ ಮುಖ ನೋಡಿದರೆ ಯಾರ ಗಂಟಲಿಂದಲೂ ಹಾಡು ಹೊರಡಬಾರದು, ಹಾಗಾಗಲಿ. ಅವತ್ತು ನನ್ನ ಹೊಟ್ಟೆ ತಣ್ಣಗಾಗುತ್ತದೆ.


ಫೆಬ್ರವರಿ 27

ಅತ್ತಿಗೆಯವರಿಗೆ,

ಒಂದು ತೊಡಕು. ಮೊದಲ ಸಾಲಿಗೆ ಅಣ್ಣ ಇಟ್ಟಿರುವುದು ಆರು ಸ್ವರ, ನಿಮ್ಮ ಹಾಳೆಯಲ್ಲಿ ಎಂಟು ತುಂಡು. ಎರಡನೇ ಸಾಲಿಗೆ ಸ್ವರ ಏಳು, ತುಂಡು ಒಂಬತ್ತು. ಮುಂದೆಯೂ ಹೀಗೇ. ಮಾತು ಮುಗಿಯುವ ಮೊದಲೇ ರಾಗ ಮುಗಿದುಹೋಗುತ್ತದೆ. ಔಷಧಿ ಅಂಗಡಿಯವರು "ಏನೋ ಕೂತ್ಕೊತಿಲ್ಲ, ನಿಮ್ಮಣ್ಣ ಹೀಗೆ ಬರೆಯೋ ಪೈಕಿ ಅಲ್ಲ" ಅಂತಲೇ ಇದ್ದಾರೆ. ಅವರ ರಗಳೆ ತಡೆಯಲಾಗುತ್ತಿಲ್ಲ.

ಹಾಳೆಯಂತೂ ಸರಿಯಿದೆ, ಅದನ್ನು ನೋಡಿಯಾಯಿತು. ಹಾಗಾದರೆ ಅಣ್ಣನೇ ತಪ್ಪಿದನೇ? ಅವನಿಗೆ ಆ ಭಾಷೆ ಬರುತ್ತಿರಲಿಲ್ಲ, ನಿಜ. ಆದರೆ ಕಿವಿ ಚುರುಕಿತ್ತಲ್ಲ. ನೀವು ಹತ್ತಿರದಲ್ಲಿದ್ದವರು. ಏನು ಮಾಡಲಿ, ನೀವೇ ಹೇಳಿ.

ಅಭ್ಯಾಸಕ್ಕೆ ಬಂದು ತೋರಿಸುತ್ತೇನೆ ಎಂದು ಮಾತ್ರ ಬರೆಯಬೇಡಿ. ಅದು ಈಗಲೂ ಆಗುವುದಿಲ್ಲ. ಕಾರಣ ಕೇಳಬೇಡಿ.

ನಾದಿನಿ


ಮಾರ್ಚ್ 4

ಪ್ರೀತಿಯ ನಾದಿನಿಗೆ,

ನಾನೇಕೆ ಬರಲಿ? ಕರೆಯದ ಕಡೆ ಹೋಗುವ ಅಭ್ಯಾಸ ನನಗಿಲ್ಲ, ಇದ್ದದ್ದೂ ಬಿಟ್ಟುಹೋಗಿದೆ.

ನಿನ್ನ ತೊಡಕಿಗೆ ಪರಿಹಾರ ಸುಲಭ. ಸ್ವರ ಸಾಲದ ಕಡೆ ಒಂದನ್ನು ಎರಡಾಗಿ ಒಡೆದುಕೊಳ್ಳಿ. ಅರ್ಧ ಸ್ವರಕ್ಕೊಂದು ತುಂಡು. ಯಾವ ತುಂಡೂ ಬಿಡದ ಹಾಗೆ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಹಾಡಿ. ಸ್ವಲ್ಪ ಗಡಿಬಿಡಿಯಾಗಬಹುದು, ಅಭ್ಯಾಸದಿಂದ ಸರಿಹೋಗುತ್ತದೆ.

ನಿನ್ನಣ್ಣನ ವಿಷಯ. ಅವನು ಆತುರದ ಮನುಷ್ಯ, ನಿನಗೂ ಗೊತ್ತು. ತುಂಡುಗಳನ್ನು ಎಣಿಸಿರಲಿಕ್ಕಿಲ್ಲ. ಭಾಷೆ ಬಾರದವನು ಎಷ್ಟು ಕೇಳಿಸಿಕೊಂಡಾನು?

ಅತ್ತಿಗೆ


ಏಪ್ರಿಲ್ 20

ಅತ್ತಿಗೆಯವರಿಗೆ,

ಸ್ವರಗಳನ್ನು ಒಡೆದುಕೊಂಡೆವು. ಹಾಡು ಹೇಗೋ ನಿಂತಿದೆ. ಕೇಳಲು ಇಂಪಾಗಿದೆ ಎಂದು ನಾನು ಸುಳ್ಳು ಹೇಳಲಾರೆ. ಔಷಧಿ ಅಂಗಡಿಯವರು ಮುನಿಸಿಕೊಂಡು ಎರಡು ಶನಿವಾರ ಬರಲೇ ಇಲ್ಲ. "ಆ ಮನುಷ್ಯ ಬರೆದ ರಾಗಕ್ಕೆ ಸುತ್ತಿಗೆ ಹಾಕೋಕೆ ನನ್ನ ಕೈಲಾಗಲ್ಲ" ಅಂದರು. ಕೈಕಾಲು ಹಿಡಿದು ಕರೆತಂದಿದ್ದೇನೆ. ಆಯ್ಕೆಯಾಗಲೇಬೇಕು ಎಂದು ಹಟ ಹಿಡಿದು ಕೂತಿದ್ದೇನೆ.

ಮೇ 18ಕ್ಕೆ ಸಮ್ಮೇಳನ. ನೀವು ಬರಬೇಕು. ಅಭ್ಯಾಸದ ಕೋಣೆ ಬೇರೆ, ಸಭಾಂಗಣ ಬೇರೆ. ಮುಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಹೇಳಿಟ್ಟಿದ್ದೇನೆ. ಬಂದರೆ ಯಾಕೆ ಕರೆದೆ ಎಂದು ನಿಮಗೇ ತಿಳಿಯುತ್ತದೆ.

ಇಂತಿ,
ನಾದಿನಿ


ಏಪ್ರಿಲ್ 26

ಪ್ರೀತಿಯ ನಾದಿನಿಗೆ,

ಆಹ್ವಾನಕ್ಕೆ ಸಂತೋಷ. ಆ ವಾರ ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ, ಬರಲಾಗುವುದಿಲ್ಲ. ನನ್ನ ಕುರ್ಚಿಯನ್ನು ನಿನ್ನ ಅಭಿಮಾನಿಗಳಿಗೆ ಯಾರಿಗಾದರೂ ಕೊಡು. ನೀನು ಚಪ್ಪಾಳೆ ತೆಗೆದುಕೊಳ್ಳುವುದನ್ನು ಹತ್ತಿರದಿಂದ ನೋಡುವ ಭಾಗ್ಯ ನನಗಿಲ್ಲ. ಹೇಗಾಯಿತೆಂದು ತಪ್ಪದೆ ಬರೆ. ಒಂದು ಮಾತೂ ಬಿಡದೆ ಬರೆ.

ಅತ್ತಿಗೆ


ಮೇ 20

ಅತ್ತಿಗೆ,

ಒಂದು ಮಾತೂ ಬಿಡದೆ ಬರೆ ಎಂದಿದ್ದಿರಿ. ಬರೆಯುತ್ತೇನೆ.

ಹಾಡು ಶುರುವಾಗಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ನಿರ್ದೇಶಕಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ನಗು ತಡೆದುಕೊಳ್ಳುತ್ತಿದ್ದರು. ಮೂರನೇ ಸಾಲಿನಲ್ಲಿ ನಮ್ಮ ದಪ್ಪ ಧ್ವನಿಯವರು ತುಂಡುಗಳ ಹಿಂದೆ ಓಡಿ ಓಡಿ ಸುಸ್ತಾಗಿ ನಿಂತೇಬಿಟ್ಟರು. ನಾನು ಕೈ ಬೀಸುತ್ತಲೇ ಇದ್ದೆ. ಹೇಗೋ ಮುಗಿಯಿತು.

ಪ್ರತಿ ವೃಂದದ ಬಗ್ಗೆಯೂ ಅವರು ಮೈಕಿನಲ್ಲಿ ನಾಲ್ಕು ಮಾತು ಹೇಳುತ್ತಾರೆ, ದುಭಾಷಿ ಅದನ್ನು ನಮಗೆ ಹೇಳುತ್ತಾರೆ. ನಮ್ಮ ಬಗ್ಗೆ ಹೇಳಿದ್ದು ಇದು: "ಈ ಸಾಲುಗಳನ್ನು ಬರೆದವರಿಗೆ ನಮ್ಮ ಭಾಷೆ ಕರುಳಿನಿಂದ ಗೊತ್ತು. ಎಷ್ಟು ಸರಳ, ಎಷ್ಟು ಚೆಂದ! ಆದರೆ ಪಾಪ, ರಾಗ ಕಟ್ಟಿದವರು ಅದನ್ನು ಒಂದು ದಿನವೂ ಕಿವಿಗೊಟ್ಟು ಕೇಳಿದವರಲ್ಲ. ಪದಗಳನ್ನು ಸೌದೆಯ ಹಾಗೆ ಒಡೆದಿದ್ದಾರೆ." ಸಭೆ ಗೊಳ್ಳೆಂದು ನಕ್ಕಿತು. ಪಕ್ಕದ ಊರಿನ ವೃಂದದವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾರ್ಯಕ್ರಮದ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ನಮ್ಮ ಹಾಡಿನ ಕೆಳಗೆ ಏನು ಅಚ್ಚಾಗಿದೆ ನೋಡಿ. ಮಾತು: ನೀವು. ಸಂಗೀತ: ಅಣ್ಣ. ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ. ನನ್ನ ಹೆಸರು ಎಲ್ಲೂ ಇಲ್ಲ, ಬೇಡ ಎಂದು ನಾನೇ ಬರೆದಿದ್ದೆ. ಹೀಗೊಂದು ಹಾಡಿದೆ, ಅದರ ಸಾಲುಗಳು ನಿಮ್ಮವು ಎಂದು ಅಣ್ಣ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಹೇಳಿದ್ದ. "ಅಚ್ಚಾದ್ರೆ ಇಬ್ರ ಹೆಸರೂ ಒಟ್ಟಿಗೆ ಇರಲಿ ಪುಟ್ಟಿ" ಅಂದಿದ್ದ. ನೀವು ಮುಂದಿನ ಸಾಲಿನಲ್ಲಿ ಕೂತು ಅದನ್ನು ಓದಲಿ ಎಂದು ನಾನು ಮುಚ್ಚಿಟ್ಟಿದ್ದೆ.

ಸಂಕಲನಕ್ಕೆ ಆಯ್ಕೆ ಮುಗಿದಿದೆ. ನಮ್ಮ ಹಾಡು ಇಲ್ಲ. ಅಣ್ಣ ಮುಗಿಸಿದ ಒಂದೇ ಒಂದು ಹಾಡು ನಗೆಪಾಟಲಾಯಿತು. ನೀವು ಹೇಳಿದ್ದು ಸರಿ, ಭಾಷೆ ಬಾರದವನು ಎಷ್ಟು ಕೇಳಿಸಿಕೊಂಡಾನು? ಕೈಲಾಗದ ಕೆಲಸಕ್ಕೆ ಯಾಕೆ ಕೈ ಹಾಕಿದನೋ!

ನಾದಿನಿ


ಮೇ 24

ಪುಟ್ಟಿ,

ಅವನನ್ನು ಬೈಯಬೇಡ. ಒಂದು ಮಾತೂ ಬೈಯಬೇಡ. ಅವನದು ತಪ್ಪಿಲ್ಲ. ಅವನು ಇಟ್ಟ ಸ್ವರಗಳು ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೆಡಿಸಿದವಳು ನಾನು. ಬೇಕೆಂದೇ ಕೆಡಿಸಿದೆ.

ಹಾಡುವಾಗ ಪದಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಅದನ್ನು ನಿನಗೆ ಹೇಳಲಿಲ್ಲ. ನೀನು ತೊಡಕು ಎಂದು ಬರೆದಾಗಲೂ ಹೇಳದೆ, ಸ್ವರ ಒಡೆದುಕೋ ಎಂದು ಬರೆದೆ. ಆ ಪತ್ರದಲ್ಲಿ ತಪ್ಪನ್ನು ಅವನ ತಲೆಗೆ ಕಟ್ಟಿದೆ. ನಿನ್ನ ಮೇಲೆ ಅಷ್ಟು ಉರಿಯುತ್ತಿದ್ದೆ. ಹೆಸರು ನಿನ್ನದೇ ಹಾಕಿಸಿಕೊಂಡಿರುತ್ತೀ, ಬೀಳುವ ಏಟು ನಿನಗೇ ಬೀಳುತ್ತದೆ ಎಂದು ಎಣಿಸಿದ್ದೆ. ಅದು ಅವನಿಗೆ ಬಿತ್ತು. ನನ್ನನ್ನು ಹೊಗಳಿ ಅವನನ್ನು ಗೇಲಿ ಮಾಡಿದರಂತಲ್ಲ! ಆ ಪಟ್ಟಿ ಮೇಜಿನ ಮೇಲಿದೆ. ಅದರ ಮೇಲೆ ಪುಸ್ತಕ ಹೇರಿದ್ದೇನೆ, ಆದರೂ ಕಾಣುತ್ತದೆ. ನಿನ್ನೆ ತರಗತಿಯಲ್ಲಿ ಅಡುಗೆಯವನು ‘ಲಾ ಕಾಸಾ’ ಎಂದು ಓದಲು ಶುರು ಮಾಡಿದ. ಸಾಕು ನಿಲ್ಲಿಸು ಎಂದು ಕಿರುಚಿದೆ. ಅವನು ಬೆಚ್ಚಿಬಿದ್ದ.

ಸರಿಯಾದ ಹಾಳೆ ಜೊತೆಗಿದೆ. ಪದಗಳು ಎಲ್ಲೆಲ್ಲಿ ಸೇರುತ್ತವೆಯೋ ಅಲ್ಲೆಲ್ಲ ಕೆಳಗೆ ಬಿಲ್ಲಿನಂಥ ಗೆರೆ ಎಳೆದಿದ್ದೇನೆ. ನೀನೇ ಹಾಡಿ ನೋಡು.

ನಿಜವನ್ನು ವೃಂದದವರಿಗೆಲ್ಲ ಹೇಳು. ಪಕ್ಕದ ಊರಿನವರಿಗೂ ಹೇಳು. ಅತ್ತಿಗೆ ಹೊಟ್ಟೆಕಿಚ್ಚಿನಿಂದ ಹೀಗೆ ಮಾಡಿದಳು ಎನ್ನು. ಎಷ್ಟು ಕೆಟ್ಟದಾಗಿ ಬೇಕಾದರೂ ಹೇಳು, ಅವನ ಮೇಲಿನ ಮಾತು ಮಾತ್ರ ಹೋಗಲಿ.

ಅತ್ತಿಗೆ


ಮೇ 30

ಅತ್ತಿಗೆ,

ಹಾಡಿ ನೋಡಿದೆ. ಒಬ್ಬಳೇ. ಪಿಯಾನೊ ಮುಂದೆ ಕೂತು, ಬಾಗಿಲು ಹಾಕಿಕೊಂಡು. ಎಷ್ಟು ಸಲೀಸಾಗಿ ಕೂತಿತು! ಅಷ್ಟೇ ಬರೆಯುತ್ತೇನೆ, ಹೆಚ್ಚು ಬರೆದರೆ ಕಾಗದ ಹರಿಯುತ್ತೇನೆ.

ನಾನು ಹೇಳುವುದಿಲ್ಲ. ಯಾರಿಗೂ, ಒಂದೇ ಒಂದು ಮಾತೂ. ಔಷಧಿ ಅಂಗಡಿಯವರು ಮೊನ್ನೆ "ನಿಮ್ಮಣ್ಣ ಹಾಗೆ ಬರೆಯೋಕೆ ಸಾಧ್ಯವೇ ಇಲ್ಲ" ಎಂದು ಮತ್ತೆ ತೆಗೆದರು. ಸುಮ್ಮನಿದ್ದೆ. ಉಳಿದವರು "ಹೋಗ್ಲಿ ಬಿಡಿ, ಎಲ್ರಿಗೂ ಎಲ್ಲಾ ಬರುತ್ತಾ" ಅಂದರು, ಆಗಲೂ ಸುಮ್ಮನಿದ್ದೆ. ನಿಮ್ಮ ಪಾಪವನ್ನು ನಾನು ಊರಿಗೆಲ್ಲ ಹಂಚಿ, ನೀವು ಅಲ್ಲಿ ದೂರದಲ್ಲಿ ಹಗುರಾಗಿ ಕೂತಿರಬೇಕೇ? ಆಗದು. ಬೈಯಿರಿ ಎಂದು ಬೆನ್ನು ಕೊಡುವುದು ಸುಲಭ, ಎದುರು ನಿಲ್ಲುವುದು ಕಷ್ಟ.

ಕೋಣೆಗೆ ನಿಮ್ಮನ್ನು ಯಾಕೆ ಸೇರಿಸಲಿಲ್ಲ ಎಂದು ನಿಮಗೆ ಗೊತ್ತಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನೀವು ನಕ್ಕರೂ ಅತ್ತರೂ ಅವನ ಹಾಗೆಯೇ ಕುತ್ತಿಗೆ ಓರೆ ಮಾಡುತ್ತಿದ್ದಿರಿ. ಎಲ್ಲರ ಗಂಟಲು ಕಟ್ಟುತ್ತದೆ ಎಂದದ್ದು ನೆಪ. ಕಟ್ಟುತ್ತಿದ್ದದ್ದು ನನ್ನದು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ನಿಮ್ಮನ್ನು ಹೊರಗೆ ಹಾಕುವುದು ನನಗೆ ಸುಲಭವಾಗಿ ಕಂಡಿತು. ತಪ್ಪಾಯಿತು ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ಅಣ್ಣನ ಹೆಸರು ತೊಳೆಯಬೇಕಿದ್ದರೆ ನೀವೇ ಬಂದು ತೊಳೆಯಿರಿ. ಬರದಿದ್ದರೆ ಅದು ಹಾಗೇ ಇರಲಿ.

ನಾದಿನಿ


ಜೂನ್ 3

ಪುಟ್ಟಿ,

ಶನಿವಾರ ಬರುತ್ತೇನೆ. ಎಲ್ಲರನ್ನೂ ಕೂರಿಸಿಕೊಂಡಿರು. ಔಷಧಿ ಅಂಗಡಿಯವರು ಮುಂದೆ ಕೂರಲಿ. ನಾನು ಮಾತಾಡುವಾಗ ನಡುವೆ ಬಾಯಿ ಹಾಕಿ ನನ್ನನ್ನು ಕಾಪಾಡಲು ನೋಡಬೇಡ.

ಆ ನಿರ್ದೇಶಕಿಗೆ ಅವರ ಭಾಷೆಯಲ್ಲೇ ಬರೆದು ಹಾಕಿದೆ. ನಾನು ಏನು ಮಾಡಿದೆ, ಯಾಕೆ ಮಾಡಿದೆ, ಎಲ್ಲ ಬರೆದಿದ್ದೇನೆ. ಉತ್ತರ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ನಿನ್ನನ್ನು ಕ್ಷಮಿಸಿ ಬರುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡ. ನಾನು ಬರುತ್ತಿರುವುದು ಅವನಿಗಾಗಿ.

ಅತ್ತಿಗೆ


ಜೂನ್ 12

ಅತ್ತಿಗೆ,

ನೀವು ಹೇಳಿ ಮುಗಿಸಿ ಮೆಟ್ಟಿಲಿಳಿದು ಹೋದ ಮೇಲೆ ಏನಾಯಿತೆಂದು ನಿಮಗೆ ಗೊತ್ತಾಗಬೇಕು, ಅದಕ್ಕೆ ಬರೆಯುತ್ತಿದ್ದೇನೆ. ದಪ್ಪ ಧ್ವನಿಯ ಸಾಲಿನಲ್ಲಿ ಒಬ್ಬರು "ಎಂಥಾ ಹೆಂಗಸಪ್ಪಾ!" ಅಂದರು. ಔಷಧಿ ಅಂಗಡಿಯವರು ಎದ್ದು ನಿಂತು ನಿಮ್ಮ ಹೊಸ ಹಾಳೆ ಹಿಡಿದು ಮೊದಲ ಸಾಲು ಎತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಹಾಡು ತಾನಾಗಿಯೇ ನಡೆಯಿತು ಅತ್ತಿಗೆ, ನಾನು ಕೈ ಬೀಸಬೇಕಾಗಲೇ ಇಲ್ಲ. ಔಷಧಿ ಅಂಗಡಿಯವರು ಕಣ್ಣೊರೆಸಿಕೊಂಡು "ನಾನು ಹೇಳಿರ್ಲಿಲ್ವಾ?" ಎಂದು ನನ್ನನ್ನು ಕೇಳಿದರು.

ಅವರು ಅಣ್ಣನನ್ನು ನಂಬಿದ್ದರು, ನಾನು ನಂಬಲಿಲ್ಲ. ಒಡಹುಟ್ಟಿದವಳು ನಾನು. ಸಭೆಯಲ್ಲಿ ನಕ್ಕವರು ಆ ಹೊತ್ತಿಗೆ ನಕ್ಕು ಸುಮ್ಮನಾದರು. ನಾನು ಮನೆಗೆ ಬಂದ ಮೇಲೂ, ನಿಮ್ಮ ಪತ್ರ ಬರುವವರೆಗೂ ಅವನನ್ನು ಬೈದೆ. ಪಾತ್ರೆ ತೊಳೆಯುತ್ತ ಬೈದೆ, ದಾರಿಯಲ್ಲಿ ನಡೆಯುತ್ತ ಬೈದೆ. ದಡ್ಡ, ಕಿವುಡ, ನನ್ನ ಮಾನ ಕಳೆದೆ ಎಂದೆಲ್ಲ ಬೈದೆ. ಬದುಕಿದ್ದಾಗ ಅವನಿಗೆ ಏ ಎಂದವಳಲ್ಲ ನಾನು. ಸತ್ತವನನ್ನು ನನ್ನ ಬಾಯಿಂದ ಬೈಯಿಸಿದಿರಿ. ನನ್ನನ್ನು ಹೊಡೆಯಬೇಕೆಂದಿದ್ದಿರಿ ಅಲ್ಲವೇ? ಹೊಡೆದಿದ್ದೀರಿ. ಸರಿಯಾಗಿಯೇ ತಗುಲಿದೆ, ಸಂತೋಷಪಡಿ.

ಆ ನಿರ್ದೇಶಕಿಯಿಂದ ಇನ್ನೂ ಉತ್ತರವಿಲ್ಲ. ಬಂದರೂ ಸಂಕಲನ ಅಚ್ಚಿಗೆ ಹೋಗಿಯಾಗಿದೆ. ಬರುವ ಶನಿವಾರ ಸಂಜೆ ಐದಕ್ಕೆ ಅಭ್ಯಾಸವಿದೆ. ಹಾಡಿನ ಎರಡನೇ ಸಾಲಿನಲ್ಲಿ ಹೆಂಗಸರು ಇನ್ನೂ ಪದಗಳನ್ನು ಬಿಡಿಸಿಯೇ ಹಾಡುತ್ತಿದ್ದಾರೆ, ಸೇರಿಸಿ ಹಾಡುವುದನ್ನು ನೀವು ನಿಂತು ಕಲಿಸಬೇಕು. ನನ್ನ ಜೊತೆ ಮಾತಾಡಬೇಕಾಗಿಲ್ಲ.

ನಾದಿನಿ